ತಿರುಗದ ನೀಲ

ಆ ಹುಡುಗಿ ಹಲ್ಲುನೋವಿಗೆ ಬಂದವಳಲ್ಲ ಎಂಬುದು ಅವಳು ಬಾಗಿಲಲ್ಲಿ ನಿಂತ ರೀತಿಯಲ್ಲೇ ಗೊತ್ತಾಯಿತು. ಒಳಗೆ ಕಾಲಿಡುವ ಮುನ್ನ ತಿರುಗಿ ರಸ್ತೆ ನೋಡಿದಳು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಡಾಕ್ಟ್ರೇ, ಮೇಲಿನ ಮನೆ ಮೇಡಂ ಸಿಗ್ತಾರಾ? ಪೊಲೀಸ್ ಇನ್‌ಸ್ಪೆಕ್ಟರ್ ಆಗಿದ್ರಂತಲ್ಲ, ಅವ್ರು?"

ಬಸವೇಶ್ವರನಗರದಲ್ಲಿ ನನ್ನ ಹಲ್ಲಿನ ಕ್ಲಿನಿಕ್ ಇರುವುದು ಜಗದಾಂಬಾ ಮೇಡಂ ಮನೆಯ ಕೆಳ ಅಂತಸ್ತಿನಲ್ಲಿ. ಅವರು ನಿವೃತ್ತರಾದ ಮೇಲೂ ಜನ ಹೀಗೆ ಹುಡುಕಿಕೊಂಡು ಬರುತ್ತಾರೆ. ಅಂಥ ದಿನಗಳಲ್ಲಿ ನಾನು ಕ್ಲಿನಿಕ್ಕಿಗೆ ಬೀಗ ಹಾಕಿ ಅವರ ಹಿಂದೆ ಹೊರಡುವುದು ರೂಢಿಯಾಗಿಬಿಟ್ಟಿದೆ. ಅಂದೂ ಹಾಗೇ ಆಯಿತು.

ಮೇಲೆ ಹೋದ ಮೇಲೆ ಹುಡುಗಿ ತನ್ನ ಹೆಸರು ಕವನಾ ಎಂದಳು. ಮದುವೆಯಾಗಿ ವರ್ಷ ತುಂಬಿಲ್ಲ. ಗಂಡನ ಮನೆ ಮಾರೇನಹಳ್ಳಿಯಲ್ಲಿ. ಒಂದು ಕಾಲಕ್ಕೆ ಅಲ್ಲೇ ರಾಗಿ ಬೆಳೆಯುತ್ತಿದ್ದ ಮನೆತನ, ಈಗ ಆ ಹೊಲಗಳ ಮೇಲೆದ್ದ ಕಟ್ಟಡಗಳ ಬಾಡಿಗೆಯಲ್ಲಿ ಬದುಕುತ್ತಿದೆ. ಅವಳು ಸೆರಗಿನಿಂದ ಒಂದು ಸ್ಟೀಲ್ ಡಬ್ಬಿ ತೆಗೆದು ಟೀಪಾಯಿಯ ಮೇಲಿಟ್ಟು ತಕ್ಷಣ ಕೈ ಹಿಂದಕ್ಕೆಳೆದುಕೊಂಡಳು, ಡಬ್ಬಿ ಸುಡುತ್ತಿದೆಯೇನೋ ಎಂಬಂತೆ.

ಒಳಗೆ ಹಳೆಯ ಚಿನ್ನದ ಪದಕ. ನಡುವೆ ಹುಣಸೆಬೀಜದಷ್ಟು ದೊಡ್ಡ ನೀಲ. ಚಿನ್ನದ ಪುಟ್ಟ ಹಲ್ಲುಗಳು ಅದನ್ನು ಸುತ್ತಲೂ ಕಚ್ಚಿ ಹಿಡಿದಿದ್ದವು.

"ಇದ್ರಿಂದಾನೇ ನಮ್ಮತ್ತೆ ಆಸ್ಪತ್ರೆಲಿ ಪ್ರಜ್ಞೆ ಇಲ್ದೆ ಮಲ್ಗಿದಾರೆ ಮೇಡಂ. ಮುಂದಿನ ಸರದಿ ನಂದು."

"ಯಾರು ಹಾಗಂದ್ರು?" ಜಗದಾಂಬಾ ಕೇಳಿದರು.

"ಯಾರೂ ಅನ್ನಲಿಲ್ಲ. ನಂಗೇ ಗೊತ್ತಾಗ್ತಿದೆ."

"ನೀವು ಅಂದ್ಕೊಂಡಿದ್ದು ಆಮೇಲೆ. ಮೊದ್ಲು ನಡೆದಿದ್ದು ಹೇಳಿ. ಅವ್ರವ್ರು ಏನಂದ್ರೋ ಅದೇ ಮಾತಲ್ಲಿ."

ಕವನಾ ಹೇಳಿದ್ದು ಇಷ್ಟು. ಕಳೆದ ವಾರ ತಾನು ಬಸುರಿ ಎಂದು ಅತ್ತೆ ಬೋರಮ್ಮನಿಗೆ ತಿಳಿಸಿದಳು. ಆ ಮನೆಯಲ್ಲಿ ಪದಕ ಯಾವಾಗಲೂ ಕಿರಿಯ ಸೊಸೆಗೆ ಹೋಗುವ ಪದ್ಧತಿ. ಅತ್ತೆ ಸಂಭ್ರಮದಿಂದ ಬೀರು ತೆರೆದು ಅದನ್ನು ಅವಳ ಕೊರಳಿಗೆ ಕಟ್ಟಿದರು. ಸಂಜೆ ಕರೆಂಟು ಹೋಯಿತು. ಬೋರಮ್ಮ ನಗುತ್ತಾ, "ಬಾ, ಒಂದು ತಮಾಷೆ ತೋರಿಸ್ತೀನಿ" ಎಂದು ಅವಳನ್ನು ದೇವರ ಕೋಣೆಗೆ ಕರೆದೊಯ್ದು ಎಣ್ಣೆ ದೀಪದ ಮುಂದೆ ಕೂರಿಸಿದರು.

"ದೀಪ ನನ್ನ ಕತ್ತಿನ ಹತ್ರ ತಂದ್ರು. ನೋಡ್ತಾ ನೋಡ್ತಾ ಅವ್ರ ಮುಖ ಬಿಳಿಚ್ಕೊಂಡ್ಬಿಡ್ತು. 'ಇದು ನಮ್ದಲ್ಲ' ಅಂದ್ರು. ಅಷ್ಟೇ. ಕತ್ತಿಂದ ಬಿಚ್ಕೊಂಡು ಆಚೆ ಹೋದ್ರು." ಕವನಾ ಡಬ್ಬಿಯಿಂದ ಮುಖ ತಿರುಗಿಸಿದಳು. "ಹಳೇ ಕಾಲದವ್ರು ಹುಡ್ಗೀರನ್ನ 'ಇದು', 'ಅದು' ಅಂತಾರಲ್ಲ ಮೇಡಂ. ನಾನು ಅವ್ರ ಮನೆಯವಳಲ್ಲ ಅಂದ್ರು. ಕಲ್ಲು ನೋಡಿ ಅಂದ್ರು. ನಾನು ಅಲ್ಲೇ ಅಳ್ತಾ ಕೂತಿದ್ದೆ. ಆಮೇಲೆ ದೊಪ್ ಅಂತ ಸದ್ದಾಯ್ತು. ಹಿಂದೇನೇ ಗೇಟಿನ ಅಗುಳಿ ಎಳೆದ ಹಾಗೆ ಕೇಳಿಸ್ತು. ಫೋನಿನ ಟಾರ್ಚ್ ಹಿಡ್ಕೊಂಡು ಓಡಿದೆ. ಅತ್ತೆ ಹೊರಗಿನ ಮೆಟ್ಟಿಲ ಬುಡದಲ್ಲಿ ಬಿದ್ದಿದ್ರು. ಪದಕ ಮುಷ್ಟೀಲೇ ಇತ್ತು."

ಏನೂ ಕಳುವಾಗಿಲ್ಲ, ಕತ್ತಲಲ್ಲಿ ಕಾಲು ಜಾರಿದೆ ಎಂದು ಠಾಣೆಯವರು ಬರೆದುಕೊಂಡು ಹೋದರು. ಮನೆಯಲ್ಲಿ ಮಾತ್ರ ಬೇರೆ ಮಾತು ಹುಟ್ಟಿತು. ನೀಲವೆಂದರೆ ಶನಿಯ ಕಲ್ಲು. ಆಗಿಬಂದರೆ ಎತ್ತುತ್ತದೆ, ಆಗದಿದ್ದರೆ ಮನೆ ಮುರಿಯುತ್ತದೆ.

"ಕಲ್ಲು ತಿರುಗಲಿಲ್ಲ, ಅದಕ್ಕೇ ಹಿಂಗಾಯ್ತು ಅಂತ ಮನೇಲೆಲ್ಲ ಮಾತಾಡ್ತಾರೆ. ಅಲ್ಲಿಂದ ಶುರುವಾಯ್ತು. ನನ್ನ ದಿಂಬಿನ ಕೆಳಗೆ ಕಪ್ಪು ಬಟ್ಟೇಲಿ ಎಳ್ಳು ಕಟ್ಟಿಟ್ಟಿತ್ತು. ಆಮೇಲೆ ಸೀರೆ ಮಡಿಕೆಲಿ. ಕೇಳಿದ್ರೆ ಎಲ್ಲಾರೂ ನಾನಲ್ಲ ಅಂತಾರೆ. ಶುಭಕ್ಕ, ನಮ್ಮ ಭಾವನ ಹೆಂಡ್ತಿ, ನೋಡಿ ಅವ್ರೇ ನಡುಗಿಬಿಟ್ರು. ನಾಳೆ ಶನಿವಾರ. ಶ್ರೀರಂಗಪಟ್ಟಣಕ್ಕೆ ಹೋಗಿ ಹೊಳೆಗೆ ಬಿಡೋದು ಅಂತ ತೀರ್ಮಾನ ಆಗಿದೆ. ಅಲ್ಲಿವರೆಗೆ ನಾನೇ ಇಟ್ಕೋಬೇಕಂತೆ, ದೋಷ ನಂದಲ್ವಾ?" ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. "ಹೊಳೆಗೆ ಹಾಕಿದ್ರೆ ಮಗುಗೆ ಏನೂ ಆಗಲ್ವಾ ಮೇಡಂ? ಅದೊಂದು ಹೇಳಿ ಸಾಕು."

ಜಗದಾಂಬಾ ಪದಕವನ್ನು ನನ್ನತ್ತ ತಳ್ಳಿದರು. "ಕೀರ್ತನಾ, ನಿನ್ನ ಭೂತಗನ್ನಡಿ ತಗೊಂಬಾ."

ಹಲ್ಲು ತುಂಬುವಾಗ ಹಾಕಿಕೊಳ್ಳುವ ಕನ್ನಡಕ ಧರಿಸಿ ನೋಡಿದೆ. ಚಿನ್ನದ ಹಲ್ಲುಗಳು ತಲೆಮಾರುಗಳ ಬಳಕೆಯಿಂದ ಸವೆದು ನುಣುಪಾಗಿದ್ದವು. ಆದರೆ ಪ್ರತಿ ಹಲ್ಲಿನ ತುದಿಯಲ್ಲೂ ಹೊಸ ಗೀರುಗಳು ಹೊಳೆಯುತ್ತಿದ್ದವು. ಒಂದು ಹಲ್ಲಿನ ಬುಡ ಬಿರಿದಿತ್ತು.

"ಇವನ್ನ ಈಚೆಗೆ ಯಾರೋ ಎತ್ತಿ, ಮತ್ತೆ ಬಗ್ಗಿಸಿದಾರೆ ಮೇಡಂ."

ಜಗದಾಂಬಾ ಎದ್ದು ಚಪ್ಪಲಿ ಮೆಟ್ಟಿದರು. ಕವನಾಳಿಗೆ ಹೇಳಿದರು, "ಇವತ್ತು ನೀವು ಆ ಮನೇಲಿ ಒಬ್ರೇ ಇರ್ಬೇಡಿ. ಸಂಜೆವರೆಗೂ ಇಲ್ಲೇ ಮಲ್ಕೊಳ್ಳಿ. ಬಾಗಿಲು ಯಾರು ತಟ್ಟಿದ್ರೂ ತೆಗೀಬೇಡಿ. ಮನೆಯವ್ರಾದ್ರೂ ಸರಿ."

ಆ ಕೊನೆಯ ಮಾತಿಗೆ ಹುಡುಗಿಯ ಕಣ್ಣು ಇನ್ನಷ್ಟು ಅಗಲವಾಯಿತು.

ವಿಜಯನಗರ ಮಾರುಕಟ್ಟೆಯ ಹಿಂದಿನ ರಸ್ತೆಯಲ್ಲಿ ಗಿರಿರಾಜ್ ಅವರ ಒಡವೆ ಅಂಗಡಿ. ಬೋರಮ್ಮನ ಮನೆಯ ಒಡವೆಗಳೆಲ್ಲ ಅವರ ಕೈಯಲ್ಲೇ ಆದವು. ಕವನಾಳ ಮದುವೆಗೆ ಮುಂಚೆ ಈ ಪದಕವನ್ನು ತೊಳೆದುಕೊಟ್ಟವರೂ ಅವರೇ. ಪದಕವನ್ನು ಅಂಗೈಯಲ್ಲಿಟ್ಟುಕೊಂಡದ್ದೇ ಅವರ ಮುಖ ಗಂಟಿಕ್ಕಿತು. ಮೇಜಿನ ಹಳದಿ ಬಲ್ಬು ಹಾಕಿ ಅದರಡಿಗೆ ಹಿಡಿದರು. ಕಲ್ಲು ಕಪ್ಪುಗಟ್ಟಿದ ನೀಲಿಯಾಗಿಯೇ ಉಳಿಯಿತು.

"ಪದಕ ಅದೇ. ಕಲ್ಲು ಅದಲ್ಲ," ಎಂದರು. "ಇದು ಕಾರ್ಖಾನೆ ಕಲ್ಲು."

"ನೀವು ಹಲ್ಲು ಎತ್ತಿದ್ರಾ?"

"ಇಲ್ಲ ತಾಯಿ. ಸೋಪಿನ ನೀರು, ಮೆತ್ತನೆ ಬ್ರಷ್, ಅಷ್ಟೇ. ಮದುವೆ ಗಂಡು, ಕಿರಿ ಮಗ ಸಂಪತ್ತೇ ಬಂದು ತಗೊಂಡ್ಹೋದ್ರು. ಅಣ್ಣ ಅತ್ತಿಗೆ ಕಾರಲ್ಲಿ ಕೂತಿದ್ರು."

ಆಮೇಲೆ ಅವರು ಮರದ ತಟ್ಟೆಯೊಂದನ್ನು ತೆರೆದರು. ಜೇನುತುಪ್ಪದಂಥ ಹಳದಿ, ಕಣಗಿಲೆಯ ಗುಲಾಬಿ, ಎಳೆ ಹಸಿರು, ತಾವರೆಯ ಎಸಳಿನಂತೆ ಗುಲಾಬಿಯೂ ಅಲ್ಲದ ಕೇಸರಿಯೂ ಅಲ್ಲದ ಒಂದು ಬಣ್ಣ.

"ಇವೆಲ್ಲ ಒಂದೇ ಜಾತಿ. ಜನಕ್ಕೆ ನೀಲ ಅಂದ್ರೆ ನೀಲಿ ಮಾತ್ರ ಗೊತ್ತು. ಒಳ್ಳೇ ಒಡವೆ ಬಲ್ಲೋರು ಈ ಬಣ್ಣಗಳಿಗೆ ಸಾಯ್ತಾರೆ. ಆದ್ರೆ ಬೋರಮ್ಮನೋರ ಕಲ್ಲಿನಂಥದ್ದು ನನ್ನ ಜನ್ಮದಲ್ಲಿ ಅದೊಂದೇ ಕಂಡಿದ್ದು. ಹಗಲ ಬೆಳಕಲ್ಲಿ, ಈಗಿನ ಬಿಳೀ ಲೈಟಲ್ಲಿ ನೀಲಿ. ಎಣ್ಣೆ ದೀಪಕ್ಕೋ ಹಳದಿ ಬಲ್ಬಿಗೋ ಹಿಡಿದ್ರೆ ಕಪ್ಪು ದ್ರಾಕ್ಷಿ ಹಿಂಡಿದ ಹಾಗೆ ಕೆಂಪಾಗುತ್ತೆ. 'ತಿರುಗೋ ಕಲ್ಲು' ಅಂತಿದ್ರು ಬೋರಮ್ಮ. ಯಾರಿಗೂ ಹೇಳ್ಬೇಡಿ, ಯಾವ ಸೊಸೆಗೆ ಕೊಡ್ತೀನೋ ಅವಳಿಗೇ ದೀಪದಲ್ಲಿ ತೋರಿಸ್ತೀನಿ, ನಮ್ಮತ್ತೆ ನಂಗೂ ಹಂಗೇ ತೋರಿಸಿದ್ದು ಅಂದಿದ್ರು. ನಾನು ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲ."

ಹೊರಗೆ ಬಂದ ಮೇಲೆ ನಾನೆಂದೆ, "ಇವರೇ ಯಾಕೆ ಕದ್ದಿರಬಾರದು?"

"ಇವರಿಗೆ ಕಲ್ಲು ಬಣ್ಣ ಬದಲಿಸುತ್ತೆ ಅಂತ ಗೊತ್ತು. ಹಾಗೆ ಬದಲಾಗೋ ಕಾರ್ಖಾನೆ ಕಲ್ಲುಗಳೂ ಸಿಗ್ತವೆ. ಇವರು ಅದನ್ನೇ ಕೂರಿಸ್ತಿದ್ರು. ಕದ್ದೋರಿಗೆ ಅದು ಬರೀ ನೀಲಿ." ಅವರು ಕೈಬೀಸಿ ಆಟೋ ನಿಲ್ಲಿಸಿದರು. "ಈಗ ಆಸ್ಪತ್ರೆಗೆ ಹೋಗೋಣ. ಬೇಗ."

ಆಸ್ಪತ್ರೆಯಲ್ಲಿ ಭೇಟಿಯ ಹೊತ್ತು ಶುರುವಾಗಿತ್ತು. ಹೊರಗಿನ ಬೆಂಚಿನಲ್ಲಿ ಇಬ್ಬರು ಗಂಡುಮಕ್ಕಳು ಕೂತಿದ್ದರು. ಕಿರಿಯ ಸಂಪತ್, ಕವನಾಳ ಗಂಡ, ಆ ಸಂಜೆ ಕೆಲಸದಿಂದ ಮೆಟ್ರೋದಲ್ಲಿ ಬರುತ್ತಿದ್ದನಂತೆ. ಹಿರಿಯ ಚನ್ನಕೇಶವ ಕೆಂಗೇರಿಯಲ್ಲಿ ಬಾಡಿಗೆದಾರರ ಜೊತೆ ಇದ್ದನಂತೆ. ದಪ್ಪ ಮೀಸೆಯ ಆ ದೊಡ್ಡ ಆಳು ಮಗುವಿನಂತೆ ಹೆದರಿದ್ದ. "ಅವ್ವ ಎದ್ರೆ ಸಾಕು ಮೇಡಂ. ಆ ಕಲ್ಲು ಮನೇಲಿರೋದೇ ಬೇಡ," ಎಂದ. ಜಗದಾಂಬಾ ಅವರೊಡನೆ ನಿಂತರು. ನಾನು ಒಳಗೆ ಹೋದೆ.

ಮಂಚದ ಬಳಿ ಶುಭಾ ಅತ್ತೆಯ ಪಾದ ಒತ್ತುತ್ತಿದ್ದಳು. ಶಾಂತ ಮುಖ, ಮೆಲುದನಿ. ಮದುವೆಯಾಗಿ ಬಂದ ದಿನದಿಂದ ಅತ್ತೆಯ ಊಟ, ಔಷಧಿ ಎಲ್ಲ ಅವಳದೇ ಕೈಯಂತೆ. ನರ್ಸುಗಳೂ ಅವಳನ್ನು ಹೊಗಳಿದರು.

"ಆವತ್ತು ನಾನು ಮನೇಲಿದ್ದಿದ್ರೆ ಹಿಂಗಾಗ್ತಿರ್ಲಿಲ್ಲ ಡಾಕ್ಟ್ರೇ. ಮಧ್ಯಾಹ್ನ ಊಟ ಬಡಿಸಿ ಟೈಲರ್ ಅಂಗಡಿಗೆ ಹೋದೋಳು, ಅತ್ತೇನ ಮತ್ತೆ ನೋಡಿದ್ದು ಈ ಸ್ಥಿತೀಲೇ. ಪಾಪ ಕವನಾ, ಅವಳಿಗೂ ಏನಾದ್ರೂ ಆದ್ರೆ ಅಂತ ನನ್ನ ಎದೆ ಹೊಡ್ಕೊಳ್ಳುತ್ತೆ." ಸ್ವಲ್ಪ ತಡೆದು ಕೇಳಿದಳು, "ಇವ್ರಿಗೆ ಮತ್ತೆ ಮಾತು ಬರುತ್ತಾ?"

"ಬರಬಹುದು," ಎಂದೆ.

"ಆಗಿದ್ದು ನೆನಪಿರುತ್ತಾ?"

ಅವಳ ಕೈ ಪಾದದಿಂದ ಮೇಲೇರಿ ಬೋರಮ್ಮನ ಹಣೆ ಸವರಿತು. ತಲೆಯ ಬಳಿಯ ಪರದೆಯಲ್ಲಿ ನಾಡಿಯ ಅಂಕಿ ಏರತೊಡಗಿತು. ಮುಚ್ಚಿದ ರೆಪ್ಪೆಗಳು ಅದುರಿದವು. ಶುಭಾ ಕೈ ತೆಗೆದಳು, ಅಂಕಿ ಇಳಿಯಿತು. ಮತ್ತೆ ಮುಟ್ಟಿದಳು, ಮತ್ತೆ ಏರಿತು. ಅವಳು ಪರದೆಯತ್ತ ನೋಡಿ, ನಂತರ ನನ್ನತ್ತ ನೋಡಿ ನಕ್ಕಳು.

ಹೊರಬಂದು ಇದನ್ನು ಹೇಳಿದಾಗ ಜಗದಾಂಬಾ ನೇರ ವೈದ್ಯರ ಬಳಿಗೆ ಹೋದರು. ಇಂದು ಇನ್ನು ಯಾರನ್ನೂ ರೋಗಿಯ ಹತ್ತಿರ ಬಿಡಬಾರದೆಂದು ಒಪ್ಪಿಸಿ ಬಂದರು. ಅವರ ಕೈ ನನ್ನ ಮೊಣಕೈ ಹಿಡಿದಿತ್ತು. "ಭಯ ಆಗ್ತಿದೆ ಕಣೇ ನಂಗೆ," ಎಂದರು. ಅವರ ಬಾಯಿಂದ ಆ ಮಾತನ್ನು ಕೇಳಿದ್ದು ಅದೇ ಮೊದಲು.

ದೀಪ ಹಚ್ಚುವ ಹೊತ್ತಿಗೆ ನಾವೆಲ್ಲ ಮಾರೇನಹಳ್ಳಿಯ ಮನೆಯಲ್ಲಿದ್ದೆವು. ಕೆಳಗೆ ಬೋರಮ್ಮ ಮತ್ತು ಕಿರಿಯರ ಸಂಸಾರ, ಮೇಲೆ ಹಿರಿಯರದು. ನಡುವೆ ಹೊರಗಿನ ಮೆಟ್ಟಿಲು. ಕವನಾಳನ್ನು ನನ್ನ ಪಕ್ಕ ಕೂರಿಸಿಕೊಂಡಿದ್ದೆ. ಎದುರಿಗೆ ಚನ್ನಕೇಶವ, ಶುಭಾ, ಸಂಪತ್. ಗೋಡೆಗೊರಗಿ ಗಿರಿರಾಜ್. ಬಾಗಿಲ ಹೊರಗೆ ಠಾಣೆಯಿಂದ ಬಂದ ಇಬ್ಬರು, ಜಗದಾಂಬಾ ಅವರ ಮಾತಿಗೆ ಬೆಲೆ ಕೊಟ್ಟು ಬಂದವರು.

ಜಗದಾಂಬಾ ಲೈಟುಗಳನ್ನೆಲ್ಲ ಆರಿಸಿದರು. ಎಣ್ಣೆ ದೀಪವೊಂದೇ ಉಳಿಯಿತು. ಎಲ್ಲರ ನೆರಳೂ ಗೋಡೆಯ ಮೇಲೆ ದೊಡ್ಡದಾಗಿ ಎದ್ದಿತು. ಅವರು ಪದಕವನ್ನು ದೀಪದ ಪಕ್ಕ ಇಟ್ಟರು.

"ಆವತ್ತು ಬೋರಮ್ಮನೋರು ನೋಡಿದ್ದು ಇದನ್ನೇ. 'ಇದು ನಮ್ದಲ್ಲ' ಅಂದ್ರು. ಕವನಾ, ಅವ್ರು ನಿಮ್ಮನ್ನ ಅನ್ನಲಿಲ್ಲ. ಈ ಕಲ್ಲನ್ನ ಅಂದ್ರು. ಇದು ಸುಳ್ಳು ಕಲ್ಲು."

ಕವನಾ ಬಾಯಿಗೆ ಕೈ ಅಡ್ಡ ಹಿಡಿದಳು. ಗಿರಿರಾಜ್ ತಮಗೆ ಗೊತ್ತಿದ್ದುದನ್ನು ಎಲ್ಲರಿಗೂ ಹೇಳಿದರು. ಚನ್ನಕೇಶವ ತೆರೆದ ಬಾಯಿ ಮುಚ್ಚಲಿಲ್ಲ.

"ಯಾರೋ ಇದರ ಹಲ್ಲು ಎತ್ತಿಸಿ ಕಲ್ಲು ಬದಲಾಯಿಸಿದ್ರು," ಜಗದಾಂಬಾ ಮುಂದುವರಿಸಿದರು. "ಮದುವೆ ಗಲಾಟೇಲಿ ಬೀರು ತೆಗೆಯೋರು ಮನೆಯವ್ರೆಲ್ಲ ಇದ್ರಿ. ಆವತ್ತು ಬೋರಮ್ಮ ಪದಕ ಹಿಡ್ಕೊಂಡು ಆಚೆ ಹೋಗಿದ್ದು ಯಾರನ್ನೋ ಕೇಳೋಕೆ. ಆ ಯಾರೋ ಅವ್ರನ್ನ ಮೆಟ್ಟಿಲಿಂದ ಬೀಳಿಸಿ ಗೇಟು ತೆಗೆದು ಹೋದ್ರು. ಆಮೇಲೆ ಒಂದೇ ಚಿಂತೆ. ಈ ಸುಳ್ಳು ಕಲ್ಲು ಯಾರ ಕಣ್ಣಿಗೂ ಬೀಳಬಾರದು. ಬಚ್ಚಿಟ್ರೆ ಅನುಮಾನ ಬರುತ್ತೆ. ಮನೆಯವ್ರೇ ಹೆದರಿ ಹೊಳೆಗೆ ಎಸೆದ್ರೆ? ಅದಕ್ಕೇ ಎಳ್ಳಿನ ಗಂಟು, ಅದಕ್ಕೇ ಶನಿ ಮಾತು. ಬಸುರಿ ಹುಡುಗೀನ ಬೆದರಿಸಿದ್ದೂ ಅದಕ್ಕೇ."

ಅವರು ಸಂಪತ್ತನ ಕಡೆ ತಿರುಗಿದರು. "'ಕಲ್ಲು ತಿರುಗಲಿಲ್ಲ' ಅಂತ ನೀವು ಹೆಂಡ್ತಿ ಹತ್ರ ಅಂದ್ರಾ?"

"ಅಂದೆ ಮೇಡಂ. ಅಣ್ಣ ಹೇಳಿದ್ದು."

"ಚನ್ನಕೇಶವ್, ನಿಮಗೆ ಯಾರು ಹೇಳಿದ್ದು?"

ಅವನು ಹೆಂಡತಿಯನ್ನು ನೋಡಿದ. "ಇವಳೇ... ಆಸ್ಪತ್ರೇಲಿ, ಅದೇ ದಿನ. 'ಅವಳ ಕತ್ತಲ್ಲಿ ಕಲ್ಲು ತಿರುಗಲಿಲ್ವಂತೆ' ಅಂದ್ಲು. ಆಗಿಬರಲಿಲ್ಲ ಅಂತ ನಾನು ತಿಳ್ಕೊಂಡೆ."

"ಶುಭಾ, ನಿಮಗೆ?"

"ಕವನಾನೇ ಹೇಳಿದ್ದು," ಶುಭಾ ಮೆಲ್ಲಗೆ ಎಂದಳು. "ಮರೆತಿದಾಳೆ ಪಾಪ. ಗಾಬರೀಲಿದ್ಲು."

ನನ್ನ ಪಕ್ಕದಲ್ಲಿ ಕವನಾ ನಿಧಾನವಾಗಿ ತಲೆಯೆತ್ತಿದಳು. "ಇಲ್ಲ ಅಕ್ಕ. ನಾನು ಹೇಳಿದ್ದು 'ಇದು ನಮ್ದಲ್ಲ' ಅಂತ ಮಾತ್ರ. ಅದು ತಿರುಗಬೇಕು ಅಂತಾನೇ ನಂಗೆ ಗೊತ್ತಿರ್ಲಿಲ್ಲ."

ದೀಪದ ಬತ್ತಿ ಚಟಗುಟ್ಟಿತು.

"ಇವಳಿಗೆ ಗೊತ್ತಿರ್ಲಿಲ್ಲ," ಜಗದಾಂಬಾ ಹೇಳಿದರು. "ಗಿರಿರಾಜ್ ಯಾರಿಗೂ ಹೇಳಲಿಲ್ಲ. ಕದ್ದೋರಿಗೂ ಕದಿಯೋವಾಗ ಗೊತ್ತಿರ್ಲಿಲ್ಲ, ಗೊತ್ತಿದ್ರೆ ಬರೀ ನೀಲಿ ಕಲ್ಲು ಕೂರಿಸ್ತಿರ್ಲಿಲ್ಲ. ಬೋರಮ್ಮ ದೀಪದಲ್ಲಿ ಕಂಡಿದ್ದಕ್ಕೂ ಮೆಟ್ಟಿಲಿಂದ ಬಿದ್ದಿದ್ದಕ್ಕೂ ನಡುವೆ ಅವ್ರ ಜೊತೆ ಮಾತಾಡಿದೋರು ಒಬ್ರಿದಾರೆ. 'ಕಲ್ಲು ತಿರುಗಲಿಲ್ಲ' ಅನ್ನೋದು ಬೋರಮ್ಮನೋರ ಮಾತು. ಅದನ್ನ ಅವ್ರ ಬಾಯಿಂದಾನೇ ಕೇಳಿರ್ಬೇಕು. ಮಧ್ಯಾಹ್ನದಿಂದ ಅತ್ತೇನ ನೋಡೇ ಇಲ್ಲ ಅಂದ ನೀವು ಎಲ್ಲಿ ಕೇಳಿದ್ರಿ ಶುಭಾ? ನಾವು ಟೈಲರ್‌ನ ಕೇಳಿ ಬಂದ್ವಿ. ಕರೆಂಟು ಬಂದಾಗ ನೀವು ಅಂಗಡೀಲಿದ್ರಿ. ಕರೆಂಟು ಹೋದಾಗ ಇದ್ರಾ ಅಂದ್ರೆ ಅವನಿಗೆ ಗೊತ್ತಿಲ್ಲ."

ಶುಭಾ ಗಂಡನನ್ನು ನೋಡಲಿಲ್ಲ. ಕವನಾಳನ್ನೂ ನೋಡಲಿಲ್ಲ. ಕೊರಳಿಗೆ ಕೈಹಾಕಿ, ತಾಳಿಯ ಸರಕ್ಕೆ ಸೇರಿಸಿ ಕಟ್ಟಿಕೊಂಡಿದ್ದ ಸಣ್ಣ ಗಂಟೊಂದನ್ನು ಹೊರತೆಗೆದಳು. ಅದೇ ಕಪ್ಪು ಬಟ್ಟೆ. ಕವನಾ ನನ್ನ ತೋಳಿಗೆ ಉಗುರು ಊರಿದಳು.

"ಇಷ್ಟು ವರ್ಷ ಅವ್ರ ಎಂಜಲು ಬಳಿದೋಳು ನಾನು," ಶುಭಾ ಗಂಟು ಬಿಚ್ಚುತ್ತಾ ಹೇಳಿದಳು. ದನಿ ಈಗಲೂ ಮೆತ್ತಗೇ ಇತ್ತು, ಅದೇ ಹೆಚ್ಚು ಭಯ ಹುಟ್ಟಿಸಿತು. "ಹಬ್ಬದಲ್ಲಿ ಬೀರು ತೆಗೆದಾಗ ಒಂದ್ಸಲ ಕಾಣೋದು ಇದು. ನನ್ನ ಕೈಗೆ ಕೊಟ್ಟು ಒರೆಸಿಸ್ಕೊಳ್ಳೋರು, ವಾಪಸ್ ಇಸ್ಕೊಳ್ಳೋರು. ಇದನ್ನ ಮಾರೋಕೆ ತಗೊಳ್ಳಲಿಲ್ಲ. ಬಾಗಿಲು ಹಾಕ್ಕೊಂಡು ಕನ್ನಡಿ ಮುಂದೆ ಕತ್ತಿಗೆ ಹಿಡ್ಕೊತಿದ್ದೆ, ಅಷ್ಟೇ. ಆವತ್ತು ಮೇಲೆ ಬಂದು 'ಕಲ್ಲು ತಿರುಗಲಿಲ್ಲ, ಶುಭಾ, ನೀನೇ ಅಲ್ವಾ?' ಅಂದ್ರು. ಬೇರೆ ಯಾರ ಹೆಸ್ರೂ ಅವ್ರಿಗೆ ಹೊಳೀಲಿಲ್ಲ ನೋಡಿ. ಕೈ ಹಿಡ್ಕೊಂಡ್ರು. ನಾನು ತಳ್ಳಿದೆ. ಕೆಳಗೆ ಬಿದ್ದು ನನ್ನನ್ನೇ ನೋಡ್ತಿದ್ರು. ದಾಟ್ಕೊಂಡು ಹೋದೆ."

ಬಟ್ಟೆ ಬಿಚ್ಚಿಕೊಂಡಿತು. ದೀಪದ ಬೆಳಕು ಕಲ್ಲಿನೊಳಗೆ ಇಳಿದದ್ದೇ ಅವಳ ಅಂಗೈಯಲ್ಲಿ ಕಡು ಕೆಂಪೊಂದು ಹೊತ್ತಿಕೊಂಡಿತು. ನೇರಳೆಯಂಚಿನ, ಆಳವಾದ, ಜೀವವಿದ್ದಂಥ ಕೆಂಪು. ಕೋಣೆಯಲ್ಲಿದ್ದವರೆಲ್ಲ ಮುಂದಕ್ಕೆ ಬಾಗಿದೆವು. ಎಲ್ಲರಿಗಿಂತ ಹೆಚ್ಚು ಬೆಚ್ಚಿದವಳು ಶುಭಾ. ಟ್ಯೂಬ್‌ಲೈಟಿನಡಿ ಅಷ್ಟು ದಿನ ನೋಡಿದ್ದರೂ ಅವಳು ಇದನ್ನು ಕಂಡಿರಲಿಲ್ಲ.

"ಇದು... ಹಿಂಗಿತ್ತಾ?" ಎಂದಳು. ಆಗ ಮಾತ್ರ ಅವಳ ಕಣ್ಣಲ್ಲಿ ನೀರು ಬಂತು.

ಠಾಣೆಯವರು ಅವಳನ್ನು ಕರೆದೊಯ್ದಾಗ ಚನ್ನಕೇಶವ ಗೋಡೆಗೆ ಮುಖ ಮಾಡಿ ನಿಂತಿದ್ದ. ಕವನಾ ಎದ್ದು ಮನೆಯ ಲೈಟುಗಳನ್ನೆಲ್ಲ ಒಂದೊಂದಾಗಿ ಹಾಕಿದಳು, ಅಡುಗೆಮನೆಯದನ್ನೂ ಬಚ್ಚಲಿನದನ್ನೂ ಬಿಡದೆ.

ಬೋರಮ್ಮ ಚೇತರಿಸಿಕೊಂಡರು. ಮಾತು ತೊದಲುತ್ತಿತ್ತು. ಬಿದ್ದ ಸಂಜೆಯದು ಒಂದೂ ನೆನಪಿರಲಿಲ್ಲ. ನಾನೂ ಜಗದಾಂಬಾ ಅವರೂ ನೋಡಲು ಹೋದ ದಿನ ಅವರು ದಿಂಬಿಗೊರಗಿ ಕೂತಿದ್ದರು. ಮಕ್ಕಳು, ಸೊಸೆ ಸುತ್ತ ನಿಂತಿದ್ದರು. ಬೋರಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿ, ಮತ್ತೆ ಬಾಗಿಲ ಕಡೆ ನೋಡಿದರು.

"ಶುಭಾ ಎಲ್ಲವ್ಳೆ?" ಎಂದರು. "ಇನ್ನೂ ತಲೆ ಬಾಚಿಲ್ಲ ನಂಗೆ."

ಚನ್ನಕೇಶವ ಆಚೆ ಹೋಗಿಬಿಟ್ಟ. ಸಂಪತ್ ನೆಲ ನೋಡಿದ. ಯಾವ ಕಗ್ಗಂಟಿಗೂ ಮಾತು ಸೋಲದ ಜಗದಾಂಬಾ ಕೂಡ ಕಿಟಕಿಯತ್ತ ತಿರುಗಿದರು.

ಕವನಾ ಬಾಚಣಿಗೆ ಹುಡುಕಿ ತಂದಳು. ಅತ್ತೆಯ ಹಿಂದೆ ಕೂತು, ತಲೆಯ ಗಾಯಕ್ಕೆ ತಾಗದಂತೆ, ಬಿಳಿ ಕೂದಲನ್ನು ಎಳೆಎಳೆಯಾಗಿ ಬಿಡಿಸತೊಡಗಿದಳು.

"ಬರ್ತಾರೆ ಅತ್ತೆ," ಎಂದಳು. "ಇವತ್ತು ನಾನು ಬಾಚ್ತೀನಿ."